ಓದುಗರ ಪ್ರಶ್ನೆ, ನಮ್ಮ ಉತ್ತರ: ವಾಯುಪಡೆ ನೋಡಿ ಬಿಟ್ಟ ಸಾಗಣೆ ವಿಮಾನಗಳು

ವಾಯುಪಡೆ ಕೊಂಡ ಸಿ-295 ಸಾಗಣೆ ವಿಮಾನದ ಕುರಿತ ನಮ್ಮ ಲೇಖನ ಓದಿ ಗಡಿಭಾಗದ ಓದುಗರು ಹಲವು ಪ್ರಶ್ನೆ ಕಳಿಸಿದ್ದಾರೆ. ಹೆಚ್ಚಿನವರು ಕೇಳಿದ್ದು ಕೊಂಡ ವಿಮಾನದ ಬಗ್ಗೆ ಅಲ್ಲ, ಕೊಳ್ಳದೆ ಬಿಟ್ಟವುಗಳ ಬಗ್ಗೆ.

ಪ್ರ: ಭಾರತ, ರಷ್ಯಾ ಸೇರಿ ಒಂದು ಸಾಗಣೆ ವಿಮಾನ ಮಾಡುತ್ತೇವೆ ಎಂದು ಬೆಂಗಳೂರಲ್ಲಿ ಕಂಪನಿಯನ್ನೇ ತೆರೆದಿದ್ದರು. ಅದು ಎಲ್ಲಿಗೆ ಬಂತು?
— ಓದುಗರು, ಉಪ್ಪಳ

ಉ: ಎಲ್ಲಿಗೂ ಬರಲಿಲ್ಲ. 2007ರಲ್ಲಿ ಸರಕಾರಗಳ ನಡುವೆ ಒಪ್ಪಂದ, 2010ರಲ್ಲಿ ಎಚ್‌ಎಎಲ್ ಮತ್ತು ರಷ್ಯಾದ ವಿಮಾನ ತಯಾರಿಕಾ ಸಂಸ್ಥೆ ಯುಎಸಿ ಸೇರಿ ಸಮಪಾಲಿನ ಕಂಪನಿ, 2012ರಲ್ಲಿ ಪ್ರಾಥಮಿಕ ವಿನ್ಯಾಸದ ಕರಾರು. ಎರಡು ಜೆಟ್ ಎಂಜಿನ್, 18ರಿಂದ 20 ಟನ್ ಹೊರೆ, ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗ. ನಮ್ಮ ವಾಯುಪಡೆಗೆ 45 ಎಂಬ ಲೆಕ್ಕ. ಬೇಡಿಕೆಯೇನೋ ನಿಜವಾದದ್ದೇ: ನಮ್ಮಲ್ಲಿರುವ ಸಾಗಣೆ ವಿಮಾನಗಳಲ್ಲಿ ಎಎನ್-32 ಹೊರುವುದು 6.7 ಟನ್, ಐಎಲ್-76 ಹೊರುವುದು 40 ಟನ್ನಿಗೂ ಮೇಲೆ. ನಡುವೆ ದೊಡ್ಡ ತೆರಪು.

ಗಂಟು ಬಿದ್ದದ್ದು ಎಂಜಿನಿನಲ್ಲಿ. ರಷ್ಯಾದವರು ಹಿಡಿದಿದ್ದು ತಮ್ಮ ಪಿಎಸ್-90 ಎಂಜಿನನ್ನು. ನಮ್ಮವರು ಕೇಳಿದ್ದು ಫೇಡೆಕ್, ಅಂದರೆ ಪೂರ್ಣ ಡಿಜಿಟಲ್ ನಿಯಂತ್ರಣ ಇರುವ ಎಂಜಿನ್. ಫೇಡೆಕ್ ಇದ್ದರೆ ಪೈಲಟ್ ಲಿವರ್ ಎಷ್ಟು ಮುಂದಕ್ಕೆ ತಳ್ಳಿದರೂ ಒಳಗೆ ಹೋಗುವ ಇಂಧನವನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಗಾಳಿಯ ಒತ್ತಡ, ಉಷ್ಣತೆ, ಎಂಜಿನ್ ತಿರುಗುವ ವೇಗ ಎಲ್ಲವನ್ನೂ ಅದು ಕ್ಷಣಕ್ಷಣಕ್ಕೂ ಗಮನಿಸುತ್ತದೆ. ಅದಿಲ್ಲದ ಹಳೆಯ ವ್ಯವಸ್ಥೆಯಲ್ಲಿ ಎತ್ತರದ ತೆಳುಗಾಳಿಯಲ್ಲಿ ಇಂಧನ ಸ್ವಲ್ಪ ಹೆಚ್ಚಾದರೂ ಟರ್ಬೈನಿನ ಉಷ್ಣತೆ ಮಿತಿ ದಾಟುತ್ತದೆ, ಇಲ್ಲವೇ ಕಂಪ್ರೆಸರಿನಲ್ಲಿ ಗಾಳಿ ಹಿಮ್ಮೆಟ್ಟಿ ಎಂಜಿನ್ ಕೆಮ್ಮುತ್ತದೆ. ಒಂದೊಂದು ಸಲ ಮಿತಿ ದಾಟಿದಾಗಲೂ ಅಲಗುಗಳ ಆಯುಷ್ಯ ಕಡಿಮೆ. ಮೂವತ್ತು ನಲವತ್ತು ವರ್ಷ ಲಡಾಖ್, ಅರುಣಾಚಲಗಳಲ್ಲಿ ದುಡಿಯಬೇಕಾದ ವಿಮಾನಕ್ಕೆ ಇದು ಸಣ್ಣ ತಕರಾರಲ್ಲ. 2016ರ ಹೊತ್ತಿಗೆ ಭಾರತ ಕೈತೊಳೆದುಕೊಂಡಿತು. ರಷ್ಯಾ ಅದನ್ನು ಐಎಲ್-276 ಹೆಸರಲ್ಲಿ ಮುಂದುವರಿಸಿತು. ಎಂಜಿನ್ ಯಾವುದೆಂದು ಇತ್ಯರ್ಥ ಆಗದೆ ಕಂಪನಿ ಕಟ್ಟಿದ್ದೇ ಎಡವಟ್ಟು; ಹೊರಬಂದದ್ದಲ್ಲ.

ಪ್ರ: 'ಲೇಹ್‌ನಲ್ಲಿ ವಿಮಾನದ ಶಕ್ತಿ ಕುಗ್ಗುತ್ತದೆ' ಎಂದು ಬರೆದಿದ್ದೀರಿ. ಎಷ್ಟು? ಲೆಕ್ಕ ಹಾಕುವುದು ಹೇಗೆ?
— ಪಿಯುಸಿ ವಿದ್ಯಾರ್ಥಿ, ಬದಿಯಡ್ಕ

ಉ: ಕಾಗದ, ಪೆನ್ಸಿಲ್ ಸಾಕು. ಲೇಹ್ ನಿಲ್ದಾಣದ ಎತ್ತರ 10,682 ಅಡಿ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಎಂದಿಟ್ಟುಕೊಂಡು ಪ್ರತಿ ಸಾವಿರ ಅಡಿಗೆ 2 ಡಿಗ್ರಿ ಕಳೆಯುತ್ತಾ ಹೋದರೆ ಲೇಹ್‌ನ 'ಮಾದರಿ' ಉಷ್ಣತೆ ಸುಮಾರು ಮೈನಸ್ 6. ಬೇಸಿಗೆಯ ಒಂದು ಹಗಲು ಅಲ್ಲಿ 20 ಡಿಗ್ರಿ ಇದೆ ಅನ್ನಿ; ವ್ಯತ್ಯಾಸ 26. ಬಿಸಿಯಾದಷ್ಟೂ ಗಾಳಿ ತೆಳು, ಆದ್ದರಿಂದ ಪ್ರತಿ ಡಿಗ್ರಿಗೆ 120 ಅಡಿ ಕೂಡಿಸಬೇಕು: 3,120 ಅಡಿ. ಅಂದರೆ ವಿಮಾನದ ಪಾಲಿಗೆ ಆ ರನ್‌ವೇ ಇರುವುದು 13,800 ಅಡಿಯಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 65 ಮಾತ್ರ.

ಇದರ ಪರಿಣಾಮ ಎರಡು ಕಡೆಯಿಂದ ಬಡಿಯುತ್ತದೆ. ಅದೇ ಭಾರ ಎತ್ತಲು ನೆಲದ ಮೇಲೆ ಶೇ. 24ರಷ್ಟು ಹೆಚ್ಚು ವೇಗ ಬೇಕು. ಟೇಕಾಫ್ ರದ್ದು ಮಾಡಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟು. ಆ ವೇಗ ತಲುಪಿಸಬೇಕಾದ ಎಂಜಿನ್ ಕೂಡ ಅದೇ ತೆಳುಗಾಳಿಯನ್ನೇ ಉಸಿರಾಡುತ್ತದೆ. ಕೊನೆಗೆ ಹೊರೆಯನ್ನು ನಿರ್ಧರಿಸುವುದು ಒಂದು ಎಂಜಿನ್ ಕೈಕೊಟ್ಟರೆ ಉಳಿದದ್ದು ಏರಿಸೀತೇ ಎಂಬ ಪ್ರಶ್ನೆ. ಲೇಹ್‌ಗೆ ಬೆಳಗಿನ ತಂಪಿನಲ್ಲೇ ವಿಮಾನ ಹೋಗಿ ಬರುವುದು ಸುಮ್ಮನೆ ಅಲ್ಲ.

ಸೋವಿಯತ್ ಪಡೆಯಲ್ಲಿ ಹೇರಳವಾಗಿದ್ದ ಎಎನ್-26 ಸಾಗಣೆ ವಿಮಾನ ನಮಗೆ ಹೊಂದುತ್ತಿರಲಿಲ್ಲ ಎನ್ನುವುದಕ್ಕೂ ಇದೇ ಕಾರಣ. ಅದರ ಎಂಜಿನ್ ತಲಾ 2,820 ಅಶ್ವಶಕ್ತಿ. ಅದೇ ಒಡಲಿಗೆ 5,000 ಮೀರಿದ ಎಂಜಿನ್ ಕೂರಿಸಿದಾಗ ಆದದ್ದು ಎಎನ್-32. ಪ್ರೊಪೆಲರ್ ದೊಡ್ಡದಾದ್ದರಿಂದ ನೆಲಕ್ಕೆ, ಒಡಲಿಗೆ ತಾಗದಂತೆ ಎಂಜಿನ್‌ಗಳನ್ನು ರೆಕ್ಕೆಯ ಮೇಲಕ್ಕೆ ಎತ್ತಿದರು. ಫೋಟೋದಲ್ಲಿ ಎರಡನ್ನೂ ಬೇರೆ ಮಾಡಲು ಅದೇ ಗುರುತು.

ಪ್ರ: ಬೆಂಗಳೂರಿನ 'ಸಾರಸ್' ನಮ್ಮ ತಲೆಯ ಮೇಲೇ ಹಾರಾಡುತ್ತಿತ್ತು. ವಾಯುಪಡೆ 15 ಕೊಳ್ಳುತ್ತದೆ ಎಂದಿದ್ದರಲ್ಲ?
— ಓದುಗರು, ಹೊಸೂರು

ಉ: ಎಂದಿದ್ದರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಈ 14 ಸೀಟಿನ ವಿಮಾನ ಮೊದಲು ಹಾರಿದ್ದು 2004ರ ಮೇ 29ರಂದು. ಮೊದಲ ಮಾದರಿ ಅಂದುಕೊಂಡದ್ದಕ್ಕಿಂತ ಸುಮಾರು 900 ಕೆ.ಜಿ. ಭಾರವಾಯಿತು. ಹೊರಬೇಕಿದ್ದ ಒಟ್ಟು ಹೊರೆಯೇ 1,200 ಕೆ.ಜಿ. ಆಸುಪಾಸು, ಮಿಕ್ಕಿದ್ದೆಷ್ಟೆಂದು ನೀವೇ ನೋಡಿ. ಎರಡನೇ ಮಾದರಿಗೆ 850ರ ಬದಲು 1,200 ಅಶ್ವಶಕ್ತಿಯ ಎಂಜಿನ್ ಹಾಕಿದರು. ಆ ವಿಮಾನ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ಪರೀಕ್ಷಾ ಸಿಬ್ಬಂದಿ ತೀರಿಕೊಂಡರು. ಆರಿಸಿದ ಎಂಜಿನನ್ನು ಹಾರಾಟದಲ್ಲೇ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸುವ ಕ್ರಮವೇ ತಪ್ಪಾಗಿ ರೂಪಿಸಿತ್ತು, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. 2018ರ ಜನವರಿಯಲ್ಲಿ ಸುಧಾರಿತ ಮಾದರಿ ಹಾರಿತು. ಈಗಿನ ಗುರಿ 19 ಸೀಟಿನ ಮಾರ್ಕ್-2.

ಪ್ರ: ಅಮೆರಿಕದವರೂ ಹೀಗೆ ಬಿಟ್ಟದ್ದುಂಟೆ?
— ಓದುಗರು, ಅಕ್ಕಲಕೋಟೆ

ಉ: ಬೇಕಾದಷ್ಟು. ಸ್ವಾರಸ್ಯದ್ದು ವೈಸಿ-14 ಮತ್ತು ವೈಸಿ-15. ಸಿ-130 ಸಾಗಣೆ ವಿಮಾನಕ್ಕೆ ಬದಲಿ ಹುಡುಕುತ್ತಿದ್ದ ಅಮೆರಿಕದ ವಾಯುಪಡೆ, 12 ಟನ್ ಹೊತ್ತು 610 ಮೀಟರ್ ಕಚ್ಚಾ ಪಟ್ಟಿಯಿಂದ ಹಾರಬೇಕು ಎಂದಿತು. ಮಂಗಳೂರಿನ ಬಜ್ಪೆ ರನ್‌ವೇ 2,450 ಮೀಟರ್, ಅದರ ಕಾಲುಭಾಗ! ಬೋಯಿಂಗ್‌ನ ವೈಸಿ-14 ಎರಡು ಎಂಜಿನ್‌ಗಳನ್ನು ರೆಕ್ಕೆಯ ಮೇಲಿಟ್ಟು ಜೆಟ್ ಗಾಳಿಯನ್ನು ರೆಕ್ಕೆಯ ಬೆನ್ನ ಮೇಲೆ ಹರಿಸಿತು. ರೆಕ್ಕೆಯ ಹಿಂಬದಿಯಲ್ಲಿ ಬಾಗಿದ ಫ್ಲ್ಯಾಪ್ ಎಂಬ ಪಟ್ಟಿಗೆ ಅಂಟಿಕೊಂಡೇ ಗಾಳಿ ಕೆಳಕ್ಕೆ ತಿರುಗುತ್ತದೆ, ವಿಮಾನವನ್ನು ಮೇಲಕ್ಕೆತ್ತುತ್ತದೆ. ಮೆಕ್‌ಡೊನೆಲ್ ಡಗ್ಲಸ್‌ನ ವೈಸಿ-15 ನಾಲ್ಕು ಎಂಜಿನ್‌ಗಳ ಬಿಸಿಗಾಳಿಯನ್ನು ಕೆಳಗಿನಿಂದ ನೇರ ಫ್ಲ್ಯಾಪಿಗೇ ಊದಿತು. ಎರಡೂ ಚೆನ್ನಾಗಿಯೇ ಹಾರಿದವು. ಆದರೆ ಅಷ್ಟರಲ್ಲಿ ಸೇನೆಗೆ ಬೇಕಾದದ್ದು ಟ್ಯಾಂಕನ್ನು ಸಾಗರ ದಾಟಿಸುವ ವಿಮಾನ. 1979ರ ಡಿಸೆಂಬರಿನಲ್ಲಿ ಯೋಜನೆ ಮುಚ್ಚಿತು. ವೈಸಿ-15ರ ಊದುವ ಫ್ಲ್ಯಾಪ್ ಮಾತ್ರ ಬದುಕಿತು: ನಮ್ಮ ವಾಯುಪಡೆಯ 11 ಸಿ-17 ಸಾಗಣೆ ವಿಮಾನಗಳಲ್ಲಿ ಇರುವುದು ಅದೇ ತಂತ್ರ. ಬಿಸಿ ತಡೆಯಲು ಫ್ಲ್ಯಾಪಿಗೆ ಟೈಟಾನಿಯಂ ಬಳಸಿದ್ದಾರೆ.

ಪ್ರ: ವಾಯುಪಡೆಯ ಹಳೆಯ ಸಾಗಣೆ ವಿಮಾನ ಅವ್ರೋ ಬದಲಿಗೆ ಇಟಲಿಯ ಸಿ-27ಜೆ ಯಾಕೆ ಬರಲಿಲ್ಲ? ಮುಂದಿನ ಸರದಿ ಯಾವುದು?
— ಓದುಗರು, ಆದೋನಿ

ಉ: ಅದು ಕಣಕ್ಕೇ ಇಳಿಯಲಿಲ್ಲ. 2013ರ ಟೆಂಡರ್ ಪ್ರಕಾರ 56ರಲ್ಲಿ 16 ಸಿದ್ಧವಾಗಿ ಬರಬೇಕು, 40ನ್ನು ಭಾರತದ ಖಾಸಗಿ ಕಂಪನಿ ಇಲ್ಲೇ ಕಟ್ಟಬೇಕು. ಕೊನೆಗೆ ಉಳಿದದ್ದು ಸಿ-295 ಮುಂದಿಟ್ಟ ಏರ್‌ಬಸ್–ಟಾಟಾ ಜೋಡಿಯೊಂದೇ. ಸಿ-27ಜೆಗೆ ಸಿ-130ಜೆಯ ಎಂಜಿನ್ ಕುಟುಂಬದ್ದೇ ಎಂಜಿನ್, ಒಳಜಾಗವೂ ಎತ್ತರ. ಸಿ-295ರ ಒಳ ಎತ್ತರ 1.9 ಮೀಟರ್ ಅಷ್ಟೆ. ಬಿಡ್ ಹಾಕದವರ ಗುಣಗಾನ ಮಾಡಿ ಫಲವಿಲ್ಲ.

18ರಿಂದ 30 ಟನ್ ವರ್ಗಕ್ಕೆ ವಾಯುಪಡೆ 2022ರ ಡಿಸೆಂಬರಿನಲ್ಲಿ ಮಾಹಿತಿ ಕೋರಿದೆ. ಎದುರಿಗಿರುವವು ಸಿ-130ಜೆ, ಬ್ರೆಜಿಲ್‌ನ ಸಿ-390, ಏರ್‌ಬಸ್ ಎ-400ಎಂ. ಮೊದಲನೆಯದು ಈಗಾಗಲೇ ನಮ್ಮ ಪಡೆಯಲ್ಲಿದೆ. ಎರಡನೆಯದರ ವಿ-2500 ಎಂಜಿನ್ ಹಳೆಯ ಎ-320 ಪ್ರಯಾಣಿಕ ವಿಮಾನಗಳಿಂದ ಪರಿಚಿತ. ಮೂರನೆಯದು 37 ಟನ್ ಹೊರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ನಮ್ಮ ಮಟ್ಟಿಗೆ ನಿಜವಾದ ಪೈಪೋಟಿ ಮೊದಲೆರಡರ ನಡುವೆ.