ಕಾ-ಬಾರ್ ಚಾಕುವನ್ನು ಅದರ ಚರ್ಮದ ಒರೆಯಲ್ಲೇ ಇಡಬಾರದು ಅನ್ನುತ್ತಾರಲ್ಲ, ಯಾಕೆ?
ಅಲಗಿಗೆ ತುಕ್ಕು ಹಿಡಿಯುತ್ತದೆ, ಅದಕ್ಕೇ. ಚರ್ಮ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕಿಗೆ ತಾಗಿಸಿಯೇ ಇಟ್ಟಿರುತ್ತದೆ. ಚರ್ಮ ಹದ ಮಾಡುವಾಗ ಬಳಸಿದ ರಾಸಾಯನಿಕಗಳ ಅಂಶವೂ ಅದರಲ್ಲಿ ಉಳಿದಿರಬಹುದು. 1942ರಲ್ಲಿ ಅಮೆರಿಕದ ಮರೀನ್ ಪಡೆಗೆ ಬಂದ ಈ ಚಾಕುವಿನ 7 ಇಂಚಿನ ಅಲಗು ಕಾರ್ಬನ್ ಉಕ್ಕಿನದು. ಸ್ಟೇನ್‌ಲೆಸ್ ಸ್ಟೀಲನ್ನು ತುಕ್ಕಿನಿಂದ ಕಾಯುವಷ್ಟು ಕ್ರೋಮಿಯಂ ಇದರಲ್ಲಿಲ್ಲ. ಅಜ್ಜಿಯ ಕಾಲದ ಈಳಿಗೆಮಣೆಯ ಹಾಗೆ, ಒದ್ದೆ ಬಿಟ್ಟರೆ ಕೆಂಪಾಗುತ್ತದೆ.

ಅಲಗನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಒರೆಯಿಂದ ಹೊರಗೆ ಒಣ ಜಾಗದಲ್ಲಿಡಿ. ಹಿಡಿಗೆ ಮಾತ್ರ ಎಣ್ಣೆ ಸುರಿಯಬೇಡಿ: ಅದು ಚರ್ಮದ ಬಿಲ್ಲೆಗಳನ್ನು ಪೇರಿಸಿ ಒತ್ತಿ ಕೂರಿಸಿದ್ದು, ನೆನೆದರೆ ಮೆತ್ತಗಾಗುತ್ತದೆ. ಯುದ್ಧಕಾಲದ ಹಳೆಯ ಚಾಕುವಾಗಿದ್ದರೆ ಅಲಗಿನ ಕಪ್ಪು-ಬೂದು ಬಣ್ಣವನ್ನು ದಯವಿಟ್ಟು ಉಜ್ಜಿ ತೆಗೆಯಬೇಡಿ. ಅದರ ಚೆಂದವೇ ಅದು.