ಚಿಲ್ಲರ್‌ಗೆ ನೀರು ತುಂಬುವ ಅವಸರ ಬೇಡ

ಪ್ರಶ್ನೆ: ದಾವಣಗೆರೆಯಲ್ಲಿರುವ ನಮ್ಮ ಮೂರಂತಸ್ತಿನ ಕಲ್ಯಾಣ ಮಂಟಪಕ್ಕೆ ಏಸಿಗಾಗಿ ವಾಟರ್ ಕೂಲ್ಡ್ ಚಿಲ್ಲರ್ (ನೀರನ್ನು ತಣ್ಣಗೆ ಮಾಡಿ ಪೈಪಿನಲ್ಲಿ ಹಾಲ್‌ಗಳಿಗೆ ಕಳಿಸುವ ಮಷೀನ್) ಹಾಕಿಸುತ್ತಿದ್ದೇವೆ. ಪೈಪ್ ಕೆಲಸ ಮುಗಿದಿದೆ. ಮುಂದಿನ ವಾರ ಒಂದು ಮದುವೆ ಇದೆ. ಬೋರ್‌ವೆಲ್ ನೀರು ತುಂಬಿ ಒಂದೇ ದಿನದಲ್ಲಿ ಚಾಲೂ ಮಾಡಿಕೊಡುತ್ತೇನೆ ಅಂತ ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಒಪ್ಪಬಹುದಾ?

ಉತ್ತರ: ಒಪ್ಪಬೇಡಿ. ಈ ಸಲ ಏಸಿ ಇರುವುದಿಲ್ಲ ಅಂತ ಮದುವೆ ಮನೆಯವರಿಗೆ ಈಗಲೇ ಹೇಳಿಬಿಡಿ, ಬೇಕಿದ್ದರೆ ಬಾಡಿಗೆಯಲ್ಲಿ ಸ್ವಲ್ಪ ಬಿಡಿ. ಹೊಸ ಪೈಪಿನೊಳಗೆ ವೆಲ್ಡಿಂಗ್ ಚೂರು, ತುಕ್ಕು, ಮರಳು, ಕೆಲವು ಸಲ ಬಟ್ಟೆ ತುಂಡು ಕೂಡ ಇರುತ್ತದೆ. ತೊಳೆಯದೆ ಪಂಪು ಓಡಿಸಿದರೆ ಅದೆಲ್ಲ ಹೋಗಿ ಕೂರುವುದು ಚಿಲ್ಲರ್ ಟ್ಯೂಬುಗಳಲ್ಲಿ, ಹಾಲ್‌ಗೆ ತಣ್ಣನೆ ಗಾಳಿ ಊದುವ ಎಎಚ್‌ಯು ಪೆಟ್ಟಿಗೆಗಳ ಕಾಯಿಲ್‌ಗಳಲ್ಲಿ.

ಪ್ರೆಶರ್ ಟೆಸ್ಟ್ ಆಗಿದೆಯಾ ಅಂತ ಮೊದಲು ಕೇಳಿ. ಕೆಲಸದ ಒತ್ತಡದ ಒಂದೂವರೆ ಪಟ್ಟು ಹಾಕಿ ಗೇಜ್ ಮುಳ್ಳು ಇಳಿಯುತ್ತಾ ನೋಡಬೇಕು, ಅದೂ ಇನ್ಸುಲೇಷನ್ ಸುತ್ತುವ ಮೊದಲೇ, ಯಾಕೆಂದರೆ ಸುತ್ತಿದ ಮೇಲೆ ಸೋರುವ ಜಾಗ ಹುಡುಕುವುದು ತುಂಬಾ ಕಷ್ಟ. ಆಮೇಲೆ ತೊಳೆಯುವ ಕೆಲಸ. ಚಿಲ್ಲರ್ ಮತ್ತು ಕಾಯಿಲ್‌ಗಳ ವಾಲ್ವ್ ಮುಚ್ಚಿ, ಅವುಗಳನ್ನು ಬಿಟ್ಟು ಹೋಗುವ ಬೈಪಾಸ್ ಪೈಪಿನಲ್ಲಿ ನೀರು ಸುತ್ತಿಸಿ, ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಬಿಚ್ಚಿ ತೊಳೆದು, ಮತ್ತೆ ಸುತ್ತಿಸಿ, ಜಾಲರಿಯಲ್ಲಿ ಕಸ ಬರುವುದು ನಿಲ್ಲುವವರೆಗೂ ಇದನ್ನೇ ಮಾಡಬೇಕು. ನೀವೇ ಪಕ್ಕದಲ್ಲಿ ನಿಂತು ಜಾಲರಿ ನೋಡಿ.

ನೀರು ತುಂಬುವುದು ಕೆಳಗಿನಿಂದ, ನಿಧಾನವಾಗಿ. ಮೇಲಿನ ಏರ್ ವೆಂಟ್‌ಗಳೆಲ್ಲ ತೆರೆದಿರಲಿ. ಅವಸರ ಮಾಡಿದರೆ ಗಾಳಿ ಪೈಪಿನ ಎತ್ತರದ ತಿರುವುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪಂಪು ಗರಗರ ಅನ್ನುವುದು, ಗೇಜ್ ಮುಳ್ಳು ನಡುಗುವುದು, ಮೇಲಿನ ಹಾಲ್ ಮಾತ್ರ ತಣ್ಣಗಾಗದೇ ಇರುವುದು, ಇದೆಲ್ಲ ಸಾಮಾನ್ಯವಾಗಿ ಆ ಗಾಳಿಯಿಂದಲೇ. ಸರಿಯಾಗಿ ತುಂಬಿದೆಯಾ ಅಂತ ನೀವೂ ನೋಡಬಹುದು. 10 ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ಎಕ್ಸ್‌ಪ್ಯಾನ್ಷನ್ ಟ್ಯಾಂಕ್ (ನೀರು ಹಿಗ್ಗಲು ಜಾಗ ಕೊಡುವ ಮೇಲಿನ ತೊಟ್ಟಿ) 15 ಮೀಟರ್ ಮೇಲಿದ್ದರೆ, ಪಂಪು ನಿಂತಿರುವಾಗ ಕೆಳಗಿನ ಗೇಜ್ ಹೆಚ್ಚುಕಡಿಮೆ ಒಂದೂವರೆ ಕೆಜಿ ತೋರಿಸಬೇಕು. ಕಡಿಮೆ ಇದೆಯಾ? ಮೇಲಿನವರೆಗೆ ನೀರು ಮುಟ್ಟಿಲ್ಲ.

ಇನ್ನು ಬೋರ್‌ವೆಲ್ ನೀರಿನ ವಿಷಯ. ಚಿಲ್ಡ್ ವಾಟರ್ ಲೈನ್ ಮುಚ್ಚಿದ ಲೈನ್, ಅಲ್ಲಿ ತುಂಬಿದ ನೀರೇ ಸುತ್ತುತ್ತಿರುತ್ತದೆ, ತುಕ್ಕು ಹಿಡಿಯದಂತೆ ಕೆಮಿಕಲ್ ಹಾಕಿಸಿ ಸಾಕು. ತೊಂದರೆ ಇರುವುದು ಚಿಲ್ಲರ್‌ನ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಕೂಲಿಂಗ್ ಟವರ್ ಕಡೆ. ಅಲ್ಲಿ ನೀರು ಆವಿಯಾಗುತ್ತಲೇ ಇರುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಗಡಸು ನೀರಾದರೆ ಗೀಸರ್ ಕಾಯಿಲ್ ಮೇಲೆ ಕೂರುವಂಥ ಬಿಳಿ ಪದರವೇ ಆ ನೀರು ಹರಿಯುವ ಚಿಲ್ಲರ್‌ನ ಕಂಡೆನ್ಸರ್ ಟ್ಯೂಬಿನೊಳಗೂ ಕೂರುತ್ತದೆ. ಕರೆಂಟ್ ಬಿಲ್ ಏರುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಹಾಲ್ ತುಂಬಿರುವಾಗಲೇ ಮಷೀನ್ ಟ್ರಿಪ್ ಆಗುತ್ತದೆ. ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಹಾಕಿಸಿ. ಟವರ್ ನೀರನ್ನು ಆಗಾಗ ಸ್ವಲ್ಪ ಹೊರಬಿಡುವ ಬ್ಲೋಡೌನ್ ಲೈನ್ ಕೇಳಿ ಹಾಕಿಸಿಕೊಳ್ಳಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆಗ ಟವರ್ ನೀರನ್ನು ಸುಮ್ನೆ ನಿಲ್ಲಲು ಬಿಡಬೇಡಿ, ಖಾಲಿ ಮಾಡಿಸಿ. ನಿಂತ ನೀರಿನಲ್ಲಿ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದವರಿಗೆ ನ್ಯುಮೋನಿಯಾ ಹರಡಿ ಹಲವರು ಸತ್ತ ಮೇಲೆಯೇ ಈ ಬ್ಯಾಕ್ಟೀರಿಯಾ ಪತ್ತೆಯಾಗಿದ್ದು.

ಪ್ರಶ್ನೆ: ಚಿಲ್ಲರ್‌ಗೆ ಗ್ಯಾಸ್ ತುಂಬುವಾಗ ನೀರಿನ ಪಂಪು ಓಡುತ್ತಲೇ ಇರಬೇಕು ಅಂತಾರೆ ನಮ್ಮ ಮೆಕ್ಯಾನಿಕ್. ಸುಮ್ನೆ ಕರೆಂಟ್ ದಂಡ ಅಲ್ವಾ?

ಉತ್ತರ: ಅವರು ಹೇಳುವುದು ಸರಿ. ವ್ಯಾಕ್ಯೂಮ್ ಮಾಡಿದ (ಒಳಗಿನ ಗಾಳಿ ಎಳೆದು ತೆಗೆದ) ಚಿಲ್ಲರ್‌ಗೆ ಗ್ಯಾಸನ್ನು ದ್ರವವಾಗಿ ನೇರ ಬಿಟ್ಟರೆ ಅದು ಒಮ್ಮೆಲೇ ಕುದಿದು ಸೊನ್ನೆಗಿಂತ ತುಂಬಾ ಕೆಳಗೆ ತಣ್ಣಗಾಗುತ್ತದೆ. ಚಿಲ್ಲರ್‌ಗಳಲ್ಲಿ ಬಳಸುವ ಆರ್-134ಎ ಗ್ಯಾಸ್ ಮಾಮೂಲಿ ಗಾಳಿಯ ಒತ್ತಡದಲ್ಲೇ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ. ನಿಂತ ನೀರು ಟ್ಯೂಬಿನಲ್ಲೇ ಮಂಜುಗಡ್ಡೆಯಾಗಿ ಟ್ಯೂಬು ಸೀಳುತ್ತದೆ, ನೀರು ಗ್ಯಾಸ್ ಕಡೆ ನುಗ್ಗಿದರೆ ಕಂಪ್ರೆಸರ್ ಕೂಡ ಹೋಯಿತು. ಅದಕ್ಕೇ ಮೊದಲು ಆವಿ ರೂಪದ ಗ್ಯಾಸ್ ಬಿಟ್ಟು, ಗೇಜ್‌ನಲ್ಲಿ ಒತ್ತಡ 30 ಪಿಎಸ್‌ಐ (ಸುಮಾರು 2 ಕೆಜಿ) ದಾಟಿದ ಮೇಲೆ ದ್ರವ ಬಿಡಬೇಕು. ಪಂಪು ಓಡುತ್ತಿರಲಿ. ನೀರು ಹರಿಯದಿದ್ದರೆ ಮಷೀನ್ ನಿಲ್ಲಿಸುವ ಫ್ಲೋ ಸ್ವಿಚ್‌ಗೆ ವೈರ್ ಕಟ್ಟಿ ಬೈಪಾಸ್ ಮಾಡಲು ಮಾತ್ರ ಯಾರಿಗೂ ಬಿಡಬೇಡಿ.