ಎತ್ತು ನಮ್ಮದು, ನಂಬರು ಇನ್ನೊಬ್ಬರದು

"ಒಂದು ಜೋಡಿ ಎತ್ತಿಗಾಗಿ ಇನ್ನೊಂದು ರಾಜ್ಯಕ್ಕೆ ಹೋಗ್ತೀರಾ? ಇಷ್ಟೊಂದು ಕಾಗದ ಹೊತ್ತು ತಿರುಗೋ ಬದಲು ನಿಮ್ಮೂರ ಕಡೆನೇ ಕೊಂಡ್ಕೊಬಾರ್ದಾ?" ಎಂದು ಕೇಳಿದೆಯಲ್ಲ, ಅದಕ್ಕೆ ಸರಿಯಾಗಿಯೇ ಉತ್ತರ ಹೇಳುತ್ತೇನೆ.

ವಿಜಯಪುರ ಜಿಲ್ಲೆಯ ಚಡಚಣದ ಸುತ್ತಲಿನ ನಮಗೆ ಮಹಾರಾಷ್ಟ್ರದ ಸಾಂಗೋಲೆ ದನದ ಸಂತೆ ಬೇರೆ ರಾಜ್ಯವಲ್ಲ. ಅಜ್ಜನ ಕಾಲದಿಂದ ಹೋಗುವ ಸಂತೆ ಅದು. ಗಡಿಯಾಚೆಯ ಜತ್ತ ತಾಲ್ಲೂಕಿನಲ್ಲಿ ನಮ್ಮ ಸೋದರತ್ತೆ ಇದ್ದಾರೆ, ಅವರ ಮಕ್ಕಳು ಓದಿದ್ದು ಅಲ್ಲಿನ ಕನ್ನಡ ಶಾಲೆಯಲ್ಲೇ. ನಾವು ಸಾಕುವ ಖಿಲಾರಿ ತಳಿಯ ದನವೂ ಹಾಗೆಯೇ. ವಿಜಯಪುರ, ಬೆಳಗಾವಿ, ಸೊಲ್ಲಾಪುರ, ಸಾಂಗಲಿ, ಸಾತಾರಾ, ಎಲ್ಲ ಕಡೆಯೂ ಅದರ ಊರೇ. ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತೇವೆ.

ಹಲ್ಲು ನೋಡುವುದು, ಸುಳಿ ನೋಡುವುದು, ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು, ಅದನ್ನೆಲ್ಲ ನೀನು ಬಂದಾಗ ತೋರಿಸುತ್ತೇನೆ. ನಮ್ಮನ್ನು ಸುಸ್ತು ಮಾಡುವುದು ದನದ ಕಿವಿಗೆ ಗುರುತಿಗಾಗಿ ಹಾಕುವ ಹಳದಿ ಓಲೆ.

ಅದರ ಮೇಲೆ 12 ಅಂಕಿಯ ನಂಬರ್ ಇರುತ್ತದೆ. 2019ರಲ್ಲಿ ಕಾಲುಬಾಯಿ ರೋಗ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ಲಸಿಕೆಯ ಜೊತೆಗೆ ಓಲೆಯೂ ಮನೆ ಮನೆಗೆ ಬಂತು. ದನದ ತಳಿ, ವಯಸ್ಸು, ಹಾಕಿಸಿದ ಲಸಿಕೆ, ಮಾಲೀಕರ ಹೆಸರು, ಫೋನ್ ನಂಬರ್ ಎಲ್ಲ ಭಾರತ್ ಪಶುಧನ್ ಎಂಬ ಆ್ಯಪಿನಲ್ಲಿ ಸೇರುತ್ತವೆ. ಇದು ಬೇಕೇ ಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸಂತೆಗಳು ಮುಚ್ಚಿದವು, ದನ ಸಾಗಿಸುವುದು ನಿಂತಿತು. ನೊಣ, ಸೊಳ್ಳೆ, ಉಣ್ಣೆಯಿಂದ ಹರಡುವ ರೋಗ ಅದು, ಗಡಿ ಕಲ್ಲು ನೋಡಿ ನಿಲ್ಲುವುದಿಲ್ಲ. ಯಾವ ದನ ಯಾವ ಸಂತೆಯಿಂದ ಯಾವ ಊರಿಗೆ ಹೋಯಿತು ಅಂತ ಗೊತ್ತಿದ್ದರೆ ಆ ಊರುಗಳನ್ನಷ್ಟೇ ಕಾಯಬಹುದು. ಗೊತ್ತಿಲ್ಲದಿದ್ದರೆ ಎಲ್ಲರ ಸಂತೆ ಬಂದ್.

ಮಹಾರಾಷ್ಟ್ರದಲ್ಲಿ 2024ರ ಜೂನ್ 1ರಿಂದ ಓಲೆ ಇಲ್ಲದ ದನವನ್ನು ಮಾರುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಓಲೆ ಇದ್ದ ಮಾತ್ರಕ್ಕೆ ದನ ನಡೆದ ದಾರಿ ಬರೆದಂತಾಗುವುದಿಲ್ಲ. ರೈತನೊಬ್ಬ ತನ್ನ ಎತ್ತನ್ನು ವ್ಯಾಪಾರಿಗೆ ಮಾರುತ್ತಾನೆ, ಆ ವ್ಯಾಪಾರಿ ಇನ್ನೊಂದು ಸಂತೆಯಲ್ಲಿ ಬೇರೆಯವರಿಗೆ ಕೊಡುತ್ತಾನೆ, ಅವರ ಕೈಯಿಂದ ಅದು ನಮಗೆ ಬರುತ್ತದೆ, ಆ್ಯಪಿನಲ್ಲಿ ಮಾತ್ರ ಇನ್ನೂ ಆ ಮೊದಲ ರೈತನ ಹೆಸರೇ. ಸಂತೆಯವರು ಕೊಡುವ ಪಾವತಿ ಚೀಟಿಯಲ್ಲಿ ನಮ್ಮ ಹೆಸರಿದೆ, ಹಣ ಕೊಟ್ಟವರು ನಾವು, ಎತ್ತು ನಮ್ಮ ಗೂಟದಲ್ಲಿದೆ. ಹೆಸರು ಬದಲಿಸಲು ದನದ ದವಾಖಾನೆಗೆ ಹೋದರೆ ಓಟಿಪಿ ಆ ಮೊದಲ ರೈತನ ಫೋನಿಗೆ ಹೋಗುತ್ತದೆ. ಆತ ಮಂಗಳವೇಢೆ ಕಡೆಯ ಯಾವುದೋ ಹಳ್ಳಿಯವನು. ಫೋನ್ ಸ್ವಿಚ್ ಆಫ್. ವ್ಯಾಪಾರಿಯನ್ನು ಕೇಳಿದರೆ ಅವನಿಗೆ ಆ ರೈತನ ಮುಖವೂ ನೆನಪಿಲ್ಲ.

ನಮ್ಮ ದವಾಖಾನೆಯವರು "ಇದು ಮಹಾರಾಷ್ಟ್ರದ ದನ, ಅಲ್ಲೇ ಮಾಡಿಸಿ" ಎಂದರು. ಅಲ್ಲಿಯವರು "ದನ ಕರ್ನಾಟಕದಲ್ಲಿದೆ, ಅಲ್ಲೇ ಮಾಡಿಸಿ" ಎಂದರು. ಆ್ಯಪ್ ಇಡೀ ದೇಶಕ್ಕೆ ಒಂದೇ, ಅಲ್ವಾ? ಮತ್ತೆ ಈ ಅಲೆದಾಟ ಯಾಕೆ? ದಾರಿಯಲ್ಲಿ ಗಾಡಿ ತಡೆದವರಿಗೂ ಎತ್ತು ಯಾರದು ಎಂಬ ಸಂಶಯ. ಮಹಾರಾಷ್ಟ್ರದಲ್ಲಿ 2015ರಿಂದ, ನಮ್ಮಲ್ಲಿ 2021ರಿಂದ ಗೋಹತ್ಯೆ ವಿರುದ್ಧ ಬಿಗಿ ಕಾನೂನಿದೆ. ಹಾಗಾಗಿ ಗಾಡಿಯಲ್ಲಿ ಎತ್ತು ಕಂಡರೆ ಮೊದಲು ಕಾಗದ ಕೇಳುತ್ತಾರೆ. ಡಾಕ್ಟರ ಆರೋಗ್ಯ ಪತ್ರ ಇದೆ, ಪಾವತಿ ಇದೆ, ಕಿವಿಯ ನಂಬರ್ ಹಾಕಿದರೆ ಬೇರೆಯವನ ಹೆಸರು ಬರುತ್ತದೆ. ಉಳುಮೆಗೆ ಎತ್ತು ಒಯ್ಯುವ ರೈತ ಕಳ್ಳನ ಹಾಗೆ ರಸ್ತೆ ಬದಿ ನಿಲ್ಲಬೇಕು. ಇದು ನನಗೆ ತುಂಬಾ ನೋವು ಕೊಡುತ್ತದೆ.

ಸಂತೆಯ ಬಾಗಿಲಲ್ಲೇ ಒಬ್ಬರು ಕೂತು, ಮಾರುವವರೂ ಕೊಳ್ಳುವವರೂ ಎದುರಿಗಿರುವಾಗಲೇ ಹೆಸರು ಬದಲಿಸಿದರೆ ಮುಗಿಯಿತು. ಪಾವತಿ ಚೀಟಿ ಹರಿದು ಕೊಡುವ ಮೇಜಿನಲ್ಲೇ ಆಗುವ ಕೆಲಸ. ವ್ಯಾಪಾರಿಯ ಹೆಸರೂ ನಡುವೆ ಬರಲೇಬೇಕು, ಒಂದೊಂದು ಕೈ ಬದಲಾದಾಗಲೂ.

"ಸುಮ್ನೆ ಹಳೇ ಓಲೆ ಕಿತ್ತು ಹೊಸದು ಹಾಕಿಸು" ಅಂತ ಇಲ್ಲಿಯೂ ಹೇಳುವವರಿದ್ದಾರೆ. ಹಾಗೆ ಮಾಡುವವರೂ ಇದ್ದಾರೆ. ನಾನು ಮಾಡುವುದಿಲ್ಲ. ಹೊಸ ನಂಬರ್ ಬಂದರೆ ಹಾಕಿಸಿದ ಲಸಿಕೆಯ ಲೆಕ್ಕ ಹೋಯಿತು, ಎಲ್ಲಿಂದ ಬಂದ ಎತ್ತು ಎಂಬುದೂ ಹೋಯಿತು. ನಾಳೆ ರೋಗ ಬಂದರೆ ನಮ್ಮ ಊರಿನವರೇ ಅನುಭವಿಸಬೇಕು. ಬರುವ ವಾರ ಅತ್ತೆಯ ಮಗನನ್ನು ಕರೆದುಕೊಂಡು ಮಂಗಳವೇಢೆ ಕಡೆ ಹೋಗುತ್ತೇನೆ. ಅವನಿಗೆ ಆ ಹಳ್ಳಿಗಳ ಪರಿಚಯ ಜಾಸ್ತಿ. ಆ ರೈತ ಸಿಕ್ಕರೆ ಅವನ ಮನೆಯಂಗಳದಿಂದಲೇ ದವಾಖಾನೆಗೆ ಫೋನ್ ಮಾಡಿ ಓಟಿಪಿ ಕೊಡಿಸುತ್ತೇನೆ.